ಮದುವೆಯ ತಾಂಬೂಲಕ್ಕೆ 150 ಸೋಪು ಮನೆಯಲ್ಲೇ ಮಾಡಿ ಪ್ಯಾಕ್ ಮಾಡುವುದು ಹೇಗೆ?

ತಂಗಿಯ ಮದುವೆಗೆ ಎರಡು ತಿಂಗಳಿದೆ, ತಾಂಬೂಲದ ಚೀಲಕ್ಕೆ ಹಾಕಲು 150 ಸೋಪು ಮನೆಯಲ್ಲೇ ಮಾಡಬೇಕು ಅಂತ ಕೇಳಿದ್ದೀರಿ. ಒಂದು ಸಲ ಮಾಡಿ ನೋಡಿದ್ದೀರಿ, ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟಿದ್ದು ಬೆವರಿತು ಅಂತಲೂ ಬರೆದಿದ್ದೀರಿ. ಆಗುತ್ತದೆ, ಖಂಡಿತ ಮಾಡಿ. ಆದರೆ ಮೊದಲ ಎರಡು ವಾರದಲ್ಲೇ ಅಷ್ಟೂ ಸೋಪು ಮಾಡಿ ಮುಗಿಸಬೇಕು. ಉಳಿದ ಆರು ವಾರ ಅದು ಸುಮ್ನೆ ಒಣಗಲಿ. ಸುತ್ತುವುದು ಕೊನೆಯ ವಾರದ ಕೆಲಸ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮದು ಶಿರಸಿ ಕಡೆ. ನಾಲ್ಕು ವರ್ಷದ ಹಿಂದೆ ಅತ್ತಿಗೆಯ ಮಗುವಿನ ನಾಮಕರಣಕ್ಕೆ 40 ಸೋಪು ಮಾಡಿಕೊಟ್ಟೆ. ಜುಲೈ ತಿಂಗಳು, ಜಡಿಮಳೆ. ಕತ್ತರಿಸಿ ಹತ್ತು ದಿನಕ್ಕೆ ಗಟ್ಟಿಯಾಗಿದೆಯಲ್ಲ ಅಂತ ಪ್ಲಾಸ್ಟಿಕ್ ಹಾಳೆ ಸುತ್ತಿ, ರಿಬ್ಬನ್ ಕಟ್ಟಿ ಕಳಿಸಿದೆ. ಎರಡು ವಾರ ಬಿಟ್ಟು ಅತ್ತಿಗೆ ಫೋಟೋ ಕಳಿಸಿದರು. ಹಾಳೆಯ ಒಳಗೆ ನೀರಿನ ಹನಿ ಸಾಲುಗಟ್ಟಿತ್ತು. ಸೋಪಿನ ಮೇಲೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಚುಕ್ಕಿ. ಬಿಚ್ಚಿದರೆ ಹಳೇ ಕರಿದೆಣ್ಣೆಯ ಕಮಟು ವಾಸನೆ. ಅಷ್ಟು ಜನರ ಮನೆಗೆ ಅದು ಹೋಗಿತ್ತಲ್ಲ ಅನ್ನುವ ಸಂಕಟ ಇವತ್ತಿಗೂ ಇದೆ.

ಬೆವರುವುದು ಯಾಕೆ ಅಂದರೆ, ಎಣ್ಣೆಯೂ ಕಾಸ್ಟಿಕ್ ಸೋಡಾವೂ (ಸೋಡಿಯಂ ಹೈಡ್ರಾಕ್ಸೈಡ್, ಅಡುಗೆ ಸೋಡಾ ಅಲ್ಲ) ಸೇರಿ ಸೋಪು ಆಗುವಾಗ ಗ್ಲಿಸರಿನ್ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಅದನ್ನು ಸಾಮಾನ್ಯವಾಗಿ ಬೇರೆ ತೆಗೆಯುತ್ತಾರೆ. ಮನೆಯ ಸೋಪಿನಲ್ಲಿ ಅದು ಹಾಗೇ ಉಳಿಯುತ್ತದೆ. ಚರ್ಮಕ್ಕೆ ಹಿತ ಅನ್ನಿಸುವುದೂ ಅದರಿಂದಲೇ, ಗಾಳಿಯ ತೇವ ಎಳೆದುಕೊಳ್ಳುವುದೂ ಅದರಿಂದಲೇ. ಜೊತೆಗೆ ಹೊಸ ಸೋಪಿನ ಒಳಗೇ ಬೇಕಾದಷ್ಟು ನೀರು ಇರುತ್ತದೆ. ಸುತ್ತ ಪ್ಲಾಸ್ಟಿಕ್ ಬಿಗಿದರೆ ಆ ನೀರು ಎಲ್ಲಿಗೆ ಹೋಗಬೇಕು? ಇನ್ನು ಆ ಕಿತ್ತಳೆ ಚುಕ್ಕಿ ಎಣ್ಣೆ ಕೆಟ್ಟ ಗುರುತು. ನಾನು ಹಾಕಿದ್ದು ಬಾಟಲಿಯ ತಳದಲ್ಲಿ ಉಳಿದ ಹಳೇ ಸೂರ್ಯಕಾಂತಿ ಎಣ್ಣೆ. ಒಣಗಿಸಿದ್ದು ತುಕ್ಕು ಹಿಡಿದ ಕಬ್ಬಿಣದ ಜಾಲರಿ ಮೇಲೆ. ಹಳೇ ಎಣ್ಣೆ, ಕಬ್ಬಿಣ, ತೇವ ಮೂರೂ ಸೇರಿದರೆ ಸೋಪು ಕೆಡುವುದು ಬಲು ಬೇಗ.

ಈಗ ಅಳತೆ. ನಾನು ಮಾಡುವ ಒಂದು ಒಬ್ಬೆಗೆ ತೆಂಗಿನೆಣ್ಣೆ 500 ಗ್ರಾಂ, ಅಕ್ಕಿ ತೌಡಿನ ಎಣ್ಣೆ 400 ಗ್ರಾಂ, ಹರಳೆಣ್ಣೆ 100 ಗ್ರಾಂ. ಇದಕ್ಕೆ ಕಾಸ್ಟಿಕ್ ಸೋಡಾ 150 ಗ್ರಾಂ, ನೀರು 300 ಗ್ರಾಂ. ನೊರೆ, ಗಟ್ಟಿತನ ತೆಂಗಿನೆಣ್ಣೆಯಿಂದ. ಆ ನೊರೆ ನಿಲ್ಲುವುದು ಹರಳೆಣ್ಣೆಯಿಂದ. ಈ ಲೆಕ್ಕದಲ್ಲಿ ಸುಮಾರು 5% ಎಣ್ಣೆ ಸೋಪಾಗದೆ ಹಾಗೇ ಉಳಿಯುತ್ತದೆ, ಹಾಗಾಗಿ ಮೈ ಬಿರುಸಾಗುವುದಿಲ್ಲ. ಎಲ್ಲವನ್ನೂ ತೂಕದಲ್ಲೇ ಅಳೆಯಿರಿ, ನೀರನ್ನೂ. ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ಎಣ್ಣೆ ಬದಲಾಯಿಸಿದರೆ ಸೋಡಾದ ತೂಕವೂ ಬದಲಾಗುತ್ತದೆ. ತೆಂಗಿನೆಣ್ಣೆಗೆ ಗ್ರಾಮಿಗೆ 0.183 ಗ್ರಾಂ ಸೋಡಾ ಬೇಕು, ಹರಳೆಣ್ಣೆಗೆ 0.128 ಸಾಕು. ಅಷ್ಟು ವ್ಯತ್ಯಾಸ. ಪ್ರತಿ ಸಲ ಆನ್‌ಲೈನ್ ಸೋಪ್ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿಯೇ ಮಾಡಿ.

ಒಂದು ಒಬ್ಬೆಗೆ 95 ಗ್ರಾಮಿನ 15 ಬಿಲ್ಲೆ ಆಗುತ್ತವೆ. ನಿಮಗೆ ಹತ್ತು ಒಬ್ಬೆ ಬೇಕು. ಒಡೆದದ್ದು, ಮೂಲೆ ಹೋದದ್ದು ಇದ್ದೇ ಇರುತ್ತದೆ, ಹನ್ನೊಂದು ಮಾಡಿ.

ಕಾಸ್ಟಿಕ್ ಸೋಡಾ ವಿಷಯದಲ್ಲಿ ಮಾತ್ರ ದಯವಿಟ್ಟು ಅವಸರ ಬೇಡ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಎರಚುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಅನಿಲ ಬರುತ್ತದೆ. ಸ್ಟೀಲ್ ಪಾತ್ರೆ ಆಗುತ್ತದೆ. ಕಿಟಕಿ ತೆಗೆದಿರಲಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಮದುವೆ ಮನೆಯಲ್ಲಿ ಮಕ್ಕಳು ಓಡಾಡುತ್ತಿರುತ್ತವೆ ಅಲ್ವಾ, ಅವು ಮಲಗಿದ ಮೇಲೆ ಶುರು ಮಾಡಿ. ಮೈಗೆ ಸಿಡಿದರೆ ನಲ್ಲಿ ಕೆಳಗೆ ಹಿಡಿದು ಬಹಳ ಹೊತ್ತು ನೀರು ಬಿಡಿ. ವಿನೆಗರ್ ಹಚ್ಚಿ ಅಂತ ಹೇಳುವವರಿದ್ದಾರೆ, ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ತೊಳೆದ ಕೂಡಲೇ ಆಸ್ಪತ್ರೆಗೆ ಹೋಗಿ. ಕಟ್ಟಿಕೊಂಡ ಪೈಪಿಗೆ ಹಾಕುವ ಪುಡಿ ತರಬೇಡಿ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ಕೆಮಿಕಲ್ ಅಂಗಡಿಯಲ್ಲಿ ಶುದ್ಧ ಕಾಸ್ಟಿಕ್ ಸೋಡಾ ಕೇಳಿ.

ಸೋಡಾ ನೀರೂ ಎಣ್ಣೆಯೂ ಉಗುರು ಬೆಚ್ಚಗಾದಾಗ ಸೇರಿಸಿ ಕಡೆಯಬೇಕು. ಹ್ಯಾಂಡ್ ಬ್ಲೆಂಡರ್ ಇದ್ದರೆ ಬೇಗ ಆಗುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲೆ ಎಳೆದ ಗೆರೆ ಒಂದು ಕ್ಷಣ ನಿಂತರೆ ಅಚ್ಚಿಗೆ ಸುರಿಯಿರಿ. ಒಂದೆರಡು ದಿನಕ್ಕೆ ಕತ್ತರಿಸಬಹುದು.

ಮದುವೆ ಅಂದ ಮೇಲೆ ಅರಿಶಿನದ ಸೋಪು ಮಾಡೋಣ ಅನ್ನಿಸಬಹುದು. ಮಾಡಿ, ಆದರೆ ಹಾಕಿದ ಕೂಡಲೇ ಅದು ಕೆಂಪಾದರೆ ಗಾಬರಿ ಬೇಡ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಆಗುವುದೂ ಇದೇ ಗುಣದಿಂದ. ದಿನ ಕಳೆದಂತೆ ಕಿತ್ತಳೆ, ಆಮೇಲೆ ಹಳದಿ ಕಡೆಗೆ ಇಳಿಯುತ್ತದೆ. ಒಬ್ಬೆಗೆ ಒಂದು ಸಣ್ಣ ಚಮಚ ಸಾಕು, ಜಾಸ್ತಿಯಾದರೆ ಟವೆಲ್ಲಿಗೆ ಕಲೆ. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಬಣ್ಣ ಹಾರಿಹೋಗುತ್ತದೆ.

ಒಣಗಿದೆಯೋ ಇಲ್ಲವೋ ತಿಳಿಯಲು ನಾನು ಬೆರಳಿಂದ ಒತ್ತಿ ನೋಡುವುದು ಬಿಟ್ಟಿದ್ದೇನೆ. ಪ್ರತಿ ಒಬ್ಬೆಯಲ್ಲಿ ಒಂದು ಬಿಲ್ಲೆಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗುತ್ತೇನೆ. ಹೋದ ಸಲದ್ದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹೀಗಿದೆ: ಕತ್ತರಿಸಿದ ದಿನ 96 ಗ್ರಾಂ, ಒಂದು ವಾರಕ್ಕೆ 91, ಮೂರನೇ ವಾರ 87, ಐದನೇ ವಾರ 85, ಆರನೇ ವಾರವೂ 85. ಇಳಿಯುವುದು ನಿಂತಿತು ಅಂದರೆ ಸುತ್ತಬಹುದು. ಬಿದಿರಿನ ತಟ್ಟೆ ಅಥವಾ ಮರದ ಹಲಗೆ ಮೇಲೆ ಕಾಗದ ಹಾಸಿ, ಒಂದಕ್ಕೊಂದು ತಾಗದ ಹಾಗೆ ಇಡಿ. ದಿನ ಬಿಟ್ಟು ದಿನ ಮಗುಚಿ. ನ್ಯೂಸ್ ಪೇಪರ್ ಬೇಡ, ಮಸಿ ಅಂಟುತ್ತದೆ.

ಇನ್ನು ಸುತ್ತುವುದು. ಸೋಪಿನ ನಡುವಿಗೆ ಮಾತ್ರ ಬರುವ ಹಾಗೆ ದಪ್ಪ ಕಾಗದದ ಪಟ್ಟಿ ಸುತ್ತಿ, ಎರಡೂ ತುದಿ ತೆರೆದಿರಲಿ. ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಸೋಪು ಉಸಿರಾಡುತ್ತದೆ, ತೆಗೆದುಕೊಂಡವರು ಮೂಸಿಯೂ ನೋಡಬಹುದು. ಬಾಳೆ ನಾರು ಕಟ್ಟಿದರೆ ಮದುವೆಗೆ ಒಪ್ಪುತ್ತದೆ.

ಆದರೆ ನಿಮ್ಮದು ತಾಂಬೂಲದ ಚೀಲ. ಅದರಲ್ಲಿ ವೀಳ್ಯದೆಲೆ ಇರುತ್ತದೆ. ಎಲೆ ಬಾಡದಿರಲಿ ಅಂತ ನೀರು ಚಿಮುಕಿಸಿರುತ್ತಾರೆ. ಆ ಒದ್ದೆ ಎಲೆ ಪಕ್ಕದಲ್ಲಿದ್ದರೆ ಕಾಗದದ ಪಟ್ಟಿ ಅರ್ಧ ಗಂಟೆಗೆ ಮೆತ್ತಗಾಗುತ್ತದೆ, ಬರೆದದ್ದು ಹರಡುತ್ತದೆ. ಇನ್ನೊಂದು, ಸೋಪಿನ ಪರಿಮಳ ಲಾಡು, ಕಲ್ಲುಸಕ್ಕರೆಗೂ ಹತ್ತುತ್ತದೆ. ಹಾಗಾಗಿ ನಿಮಗೆ ಪಟ್ಟಿಯ ಮೇಲೆ ಒಂದು ಸಣ್ಣ ರಟ್ಟಿನ ಡಬ್ಬಿಯೂ ಬೇಕು. ಅದಕ್ಕಿಂತ ಒಳ್ಳೆಯದು, ತಾಂಬೂಲ ಕೊಡುವ ಜಾಗದಲ್ಲೇ ಒಂದು ಬುಟ್ಟಿಯಲ್ಲಿ ಸೋಪು ಇಟ್ಟು ಕೈಗೇ ಕೊಡಿಸಿ. ಮೇಲೆ ದಪ್ಪ ಅಕ್ಷರದಲ್ಲಿ ‘ಸ್ನಾನದ ಸೋಪು’ ಅಂತ ಬರೆಯಲೇಬೇಕು. ಬಿಳಿ, ಹಳದಿ ಬಿಲ್ಲೆ ಮಕ್ಕಳ ಕಣ್ಣಿಗೆ ಬರ್ಫಿ ಥರವೇ ಕಾಣುತ್ತದೆ. ಯಾವ ಯಾವ ಎಣ್ಣೆ, ಮಾಡಿದ ತಿಂಗಳು ಯಾವುದು, ಅದನ್ನೂ ಬರೆಯಿರಿ. ಒಗ್ಗದವರಿಗೆ ಗೊತ್ತಾಗಲಿ.

ಪರಿಮಳಕ್ಕೆ ಗಂಧದ ಸೆಂಟ್ ಹಾಕಿ ‘ಶ್ರೀಗಂಧದ ಸೋಪು’ ಅಂತ ಮಾತ್ರ ಬರೆಯಬೇಡಿ. ನಿಜವಾದ ಗಂಧದೆಣ್ಣೆ ಎಷ್ಟು ದುಬಾರಿ ಅಂತ ನಮ್ಮ ರಾಜ್ಯದವರಿಗೆ ಹೇಳಬೇಕಾಗಿಲ್ಲ. 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ನಾಡು ನಮ್ಮದು. ಆ ಹೆಸರಿಗೆ ನಾವೇ ಮರ್ಯಾದೆ ಕೊಡಬೇಕು.

ಸೋಪಿನ ಜೊತೆ ಸ್ನಾನದ ಪುಡಿಯನ್ನೂ ಕೊಡುವ ಆಸೆ ಇದೆ ಅಂದಿದ್ದೀರಿ. ಹೆಸರು ಹಿಟ್ಟು, ಕಡಲೆ ಹಿಟ್ಟು, ಕಸ್ತೂರಿ ಅರಿಶಿನ ಸಾಕು. ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ ಬೀಸಿಸಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ಇದನ್ನು ಸೋಪಿನ ಹಾಗೆ ತೆರೆದಿಡಬಾರದು, ಗಾಳಿಯಾಡದ ಪ್ಯಾಕೆಟ್ಟೇ ಬೇಕು.

ಕೊನೆಗೆ ಮುಂದೆ ಮಾರಬಹುದಾ ಅಂತ ಕೇಳಿದ್ದೀರಿ. ನೆಂಟರಿಗೆ ಉಡುಗೊರೆ ಕೊಡುವುದು ಬೇರೆ, ಮಾರುವುದು ಬೇರೆ. ಮೈಗೆ ಹಚ್ಚುವ ಸೋಪು ನಮ್ಮ ಕಾನೂನಿನಲ್ಲಿ ಕಾಸ್ಮೆಟಿಕ್. ಮಾರಲು ಮಾಡುವುದಾದರೆ 2020ರ ಕಾಸ್ಮೆಟಿಕ್ಸ್ ನಿಯಮದಂತೆ ರಾಜ್ಯದ ಔಷಧ ನಿಯಂತ್ರಣದವರಿಂದ ಲೈಸೆನ್ಸ್ ಪಡೆಯಬೇಕು. ಲೇಬಲ್ ಮೇಲೆ ಬ್ಯಾಚ್ ನಂಬರ್, ವಿಳಾಸ, ತೂಕ, ಬೆಲೆ ಎಲ್ಲ ಬರಬೇಕು. ಆ ತೂಕ ಕತ್ತರಿಸಿದ ದಿನದ 96 ಅಲ್ಲ, ಒಣಗಿದ ಮೇಲಿನ 85.

ಈ ಭಾನುವಾರ ಒಂದು ಒಬ್ಬೆ ಮಾಡಿ, ಒಂದು ಬಿಲ್ಲೆ ತೂಗಿ ಬರೆದಿಡಿ. ಹದ ಸರಿ ಬರಲಿಲ್ಲ ಅಂದರೆ ಯಾವ ಎಣ್ಣೆ ಎಷ್ಟು ಹಾಕಿದಿರಿ ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.