ಕಾನೂನು ಪ್ರಶ್ನೋತ್ತರ: ‘ಸುರಕ್ಷಿತ ದೇಶ’ ಎಂದರೆ ಯಾರಿಗೆ ಸುರಕ್ಷಿತ?

ಪ್ರಶ್ನೆ: ಆಶ್ರಯ ಕೇಳಿ ಬಂದವರನ್ನು ಇಟಲಿ ಅಲ್ಬೇನಿಯಾಕ್ಕೆ ಸಾಗಿಸಿತು, ಕೋರ್ಟು ತಡೆಯಿತು ಎಂದು ಓದಿದೆ. ಅಲ್ಬೇನಿಯಾದಲ್ಲಿ ಇಟಲಿ ಶಿಬಿರ ನಡೆಸಲು ಎರಡು ಸರ್ಕಾರಗಳು ಸಹಿ ಹಾಕಿದ ಒಪ್ಪಂದಕ್ಕೆ ನ್ಯಾಯಾಧೀಶರು ಅಡ್ಡ ಬರಬಹುದೇ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕೋರ್ಟು ಒಪ್ಪಂದವನ್ನು ರದ್ದು ಮಾಡಲಿಲ್ಲ, ಅದರ ಮುಂದಿದ್ದದ್ದು ಬಂಧನ ಸರಿಯೇ ಎಂಬ ಪ್ರಶ್ನೆ ಮಾತ್ರ. ಇಟಲಿಯ ಸಂವಿಧಾನದ 13ನೇ ವಿಧಿಯ ಪ್ರಕಾರ, ಯಾರನ್ನಾದರೂ ಹಿಡಿದಿಟ್ಟ 48 ಗಂಟೆಯೊಳಗೆ ಪೊಲೀಸರು ನ್ಯಾಯಾಧೀಶರಿಗೆ ತಿಳಿಸಬೇಕು. ಮುಂದಿನ 48 ಗಂಟೆಯಲ್ಲಿ ಅವರು ಮಾನ್ಯ ಮಾಡದಿದ್ದರೆ ಬಂಧನ ತಾನಾಗಿಯೇ ಬಿದ್ದುಹೋಗುತ್ತದೆ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಮ್ಮ 22ನೇ ವಿಧಿಯ ಕುಲದ್ದೇ ಇದು.

2024ರ ಅಕ್ಟೋಬರಿನಲ್ಲಿ ನೌಕಾಪಡೆಯ ಹಡಗು 16 ಮಂದಿಯನ್ನು ಅಲ್ಬೇನಿಯಾಕ್ಕೆ ಒಯ್ದಿತು: ಹತ್ತು ಬಾಂಗ್ಲಾದೇಶೀಯರು, ಆರು ಈಜಿಪ್ಟಿನವರು. ಅಪ್ರಾಪ್ತರು ಮತ್ತು ವಿಶೇಷ ರಕ್ಷಣೆ ಬೇಕಾದವರು ಸೇರಿ ನಾಲ್ವರನ್ನು ಕೂಡಲೇ ಹಿಂದಕ್ಕೆ ಕಳಿಸಬೇಕಾಯಿತು. ಉಳಿದ 12 ಜನರ ಬಂಧನವನ್ನು ರೋಮ್ ನ್ಯಾಯಾಲಯ ಅಕ್ಟೋಬರ್ 18ರಂದು ಒಪ್ಪಲಿಲ್ಲ. ಗಡಿಯಲ್ಲೇ ಕೂಡಿಹಾಕಿ ಅರ್ಜಿಯನ್ನು ಬೇಗ ತೀರ್ಮಾನಿಸುವ ಆ ವಿಧಾನಕ್ಕೆ ಸರ್ಕಾರ ಹಿಡಿದಿದ್ದ ಆಧಾರ, ಅವರು ‘ಸುರಕ್ಷಿತ ಮೂಲದೇಶ’ದವರು, ಅಂದರೆ ಸಾಮಾನ್ಯವಾಗಿ ಕಿರುಕುಳದ ಭಯವಿಲ್ಲ ಎಂದು ಸರ್ಕಾರ ಪಟ್ಟಿ ಮಾಡಿದ ದೇಶದವರು ಎಂಬುದು. ಆದರೆ ಅದಕ್ಕೆ ಎರಡು ವಾರ ಮೊದಲಷ್ಟೇ, ಅಕ್ಟೋಬರ್ 4ರಂದು, ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯ, ದೇಶದ ಒಂದು ಭಾಗ ಅಸುರಕ್ಷಿತವಾಗಿದ್ದರೂ ಸಾಕು, ಆ ದೇಶಕ್ಕೆ ‘ಸುರಕ್ಷಿತ’ ಎಂಬ ಹಣೆಪಟ್ಟಿ ಹಚ್ಚುವಂತಿಲ್ಲ ಎಂದು ಹೇಳಿತ್ತು. ಅದರ ಮಾತನ್ನು ಇಟಲಿಯ ಕೋರ್ಟುಗಳು ಪಾಲಿಸಲೇಬೇಕು. ಈ ಎರಡು ದೇಶಗಳಲ್ಲಿ ಕೆಲವು ಬಗೆಯ ಜನರಿಗೆ ಅಪಾಯವಿದೆ ಎಂದು ಇಟಲಿಯ ಕಡತಗಳೇ ಒಪ್ಪಿಕೊಂಡಿದ್ದವು.

ಸರ್ಕಾರ ಸುಮ್ಮನಿರಲಿಲ್ಲ, ಕೆಲವೇ ದಿನಗಳಲ್ಲಿ 19 ಸುರಕ್ಷಿತ ದೇಶಗಳ ಪಟ್ಟಿಗೆ ಸುಗ್ರೀವಾಜ್ಞೆಯ ಬಲ ಕೊಟ್ಟಿತು. ಪ್ರಶ್ನೆ ಮತ್ತೆ ಲಕ್ಸೆಂಬರ್ಗಿಗೆ ಹೋಗಿ 2025ರ ಆಗಸ್ಟ್ 1ರಂದು ತೀರ್ಪು ಬಂತು. ಪಟ್ಟಿಯನ್ನು ಕಾಯಿದೆಯ ಮೂಲಕ ಮಾಡಬಹುದು, ಆದರೆ ಅದನ್ನು ಒರೆಗೆ ಹಚ್ಚುವ ಅಧಿಕಾರ ನ್ಯಾಯಾಧೀಶರಿಗೆ ಇರಲೇಬೇಕು. ಯಾವ ಮಾಹಿತಿ ನೋಡಿ ಸುರಕ್ಷಿತ ಎಂದಿರಿ ಎಂಬುದು ಅರ್ಜಿದಾರರಿಗೂ ಸಿಗಬೇಕು. ನಮ್ಮ ದೃಷ್ಟಿಯಲ್ಲಿ ತೀರ್ಪಿನ ಜೀವಾಳ ಈ ಕೊನೆಯ ಮಾತೇ. ಆಧಾರ ಕಾಣದವರು ಅದನ್ನು ಅಲ್ಲಗಳೆಯುವುದು ಹೇಗೆ? ಇಡೀ ದೇಶ, ಎಲ್ಲರಿಗೂ ಸುರಕ್ಷಿತವಾಗಿರಲೇಬೇಕು ಎಂಬ ಬಿಗಿ ಮಾತ್ರ ಶಾಶ್ವತವಲ್ಲ: 2026ರ ಜೂನ್ 12ರಿಂದ ಅನ್ವಯವಾಗುವ ಹೊಸ ಐರೋಪ್ಯ ನಿಯಮ, ಪ್ರದೇಶವನ್ನೋ ಜನವರ್ಗವನ್ನೋ ಹೊರಗಿಟ್ಟು ದೇಶವನ್ನು ಪಟ್ಟಿಗೆ ಸೇರಿಸಲು ಬಿಡುತ್ತದೆ.

ಪ್ರಶ್ನೆ: ಏಜೆಂಟನೊಬ್ಬ ‘ಜರ್ಮನಿಗೆ ಹೋಗಿ ಆಶ್ರಯದ ಅರ್ಜಿ ಹಾಕು, ಕೆಲಸ ಸಿಗುತ್ತೆ’ ಎಂದು ನನ್ನ ಅಕ್ಕನ ಮಗನಿಗೆ ಹೇಳುತ್ತಿದ್ದಾನೆ. ನಂಬಬಹುದೇ?
– ಓದುಗರು, ಮಂಗಳೂರು

ಉತ್ತರ: ಬೇಡ. ಆಶ್ರಯ ಇರುವುದು ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳಕ್ಕೆ ಒಳಗಾದವರಿಗೆ, ಊರಿಗೆ ಮರಳಿದರೆ ಗಂಭೀರ ಹಾನಿಯಾಗುವವರಿಗೆ. ಕೆಲಸ ಹುಡುಕುವವರಿಗಲ್ಲ. 2025ರ ಏಪ್ರಿಲಿನಲ್ಲಿ ಐರೋಪ್ಯ ಆಯೋಗ ಸೂಚಿಸಿದ ಏಳು ಸುರಕ್ಷಿತ ದೇಶಗಳಲ್ಲಿ ಭಾರತವೂ ಇದೆ. ಅರ್ಜಿಗೆ ಕೊಟ್ಟ ಬೆರಳಚ್ಚು ಯೂರೋಡ್ಯಾಕ್ ಎಂಬ, ಐರೋಪ್ಯ ದೇಶಗಳು ಹಂಚಿಕೊಳ್ಳುವ ದತ್ತಾಂಶ ಕೋಶದಲ್ಲಿ ಹತ್ತು ವರ್ಷ ಉಳಿಯುತ್ತದೆ. ಫ್ರಾನ್ಸಿನ ವೀಸಾದಲ್ಲಿ ಬಂದು ಜರ್ಮನಿಯಲ್ಲಿ ಅರ್ಜಿ ಹಾಕಿದರೆ, ಹತ್ತಿರದ ಸಂಬಂಧಿಕರು ಅಲ್ಲಿ ಆಶ್ರಯ ಪಡೆದಿರುವಂಥ ಕಾರಣ ಇಲ್ಲದಿದ್ದರೆ, ಸಾಮಾನ್ಯವಾಗಿ ಫ್ರಾನ್ಸಿಗೇ ದಾಟಿಸುತ್ತಾರೆ.

ನಿಜವಾಗಿ ಜೀವಭಯ ಇರುವವರ ಮಾತು ಬೇರೆ. ಪಟ್ಟಿಯಲ್ಲಿ ತಮ್ಮ ದೇಶದ ಹೆಸರಿದ್ದ ಮಾತ್ರಕ್ಕೆ ಅವರ ಅರ್ಜಿ ಸತ್ತಂತಲ್ಲ, ಆದರೆ ‘ನನ್ನ ಮಟ್ಟಿಗೆ ಸುರಕ್ಷಿತವಲ್ಲ’ ಎಂದು ತೋರಿಸುವ ಹೊರೆ ಅವರ ಮೇಲೆ ಬೀಳುತ್ತದೆ. ಪ್ರಕರಣ ಕೆಡುವುದು ಹೆಚ್ಚಾಗಿ ಸಂದರ್ಶನದಲ್ಲೇ. ಹಿಂದಿ ಚೆನ್ನಾಗಿ ಬಾರದಿದ್ದರೆ ನೋಂದಣಿಯ ದಿನವೇ ಹೇಳಿ ಕನ್ನಡದ ದುಭಾಷಿಯನ್ನು ಕೇಳಿ, ಕೇಳಿದ್ದನ್ನು ಬರೆಸಿ. ನಾಚಿಕೆಯಿಂದಲೋ ಹೆದರಿಕೆಯಿಂದಲೋ ಮುಚ್ಚಿಟ್ಟದ್ದನ್ನು ಮೇಲ್ಮನವಿಯಲ್ಲಿ ಹೇಳಿದರೆ ‘ಆಮೇಲೆ ಹೆಣೆದ ಕತೆ’ ಎನಿಸುತ್ತದೆ. ಹೇಳಿಕೆಯನ್ನು ನಿಮ್ಮ ಭಾಷೆಯಲ್ಲಿ ಓದಿಸಿಕೊಂಡು, ತಪ್ಪು ತಿದ್ದಿಸಿದ ಮೇಲೆಯೇ ಸಹಿ ಹಾಕಿ.

ಜರ್ಮನಿಯಲ್ಲಿ ನಿರ್ಧಾರ ಹಳದಿ ಲಕೋಟೆಯಲ್ಲಿ ಬರುತ್ತದೆ. ಅದರ ಮೇಲೆ ಅಂಚೆಯವರು ಬರೆದ ತಾರೀಖಿನಿಂದ ಗಡುವು ಶುರು, ಲಕೋಟೆಯನ್ನು ಎಸೆಯಬೇಡಿ. ‘ಆಧಾರವಿಲ್ಲದ್ದು ಸ್ಪಷ್ಟ’ ಎಂದು ತಿರಸ್ಕರಿಸಿದ್ದರೆ ಅಲ್ಲಿ ಬಹುಕಾಲದಿಂದ ಇರುವ ಗಡುವು ಒಂದೇ ವಾರ. ದಾವೆ ಹೂಡಿದರೆ ಸಾಲದು. ಗಡೀಪಾರಿಗೆ ತಡೆ ಕೋರುವ ಪ್ರತ್ಯೇಕ ಅರ್ಜಿಯೂ ಅದೇ ವಾರದಲ್ಲಿ ಸೇರಬೇಕು. ಹೊಸ ಐರೋಪ್ಯ ನಿಯಮದಲ್ಲಿ ಇಂಥ ಪ್ರಕರಣಗಳಿಗೆ 5ರಿಂದ 10 ದಿನ. ವಾಸ ಬದಲಿಸಿ ತಿಳಿಸದಿದ್ದರೆ ಕಾಗದ ಹಳೇ ವಿಳಾಸಕ್ಕೆ ಹೋಗುತ್ತದೆ, ಗಡುವು ಗೊತ್ತಿಲ್ಲದೆಯೇ ಮುಗಿಯುತ್ತದೆ.

ಪ್ರಶ್ನೆ: ಗಡೀಪಾರಾಗುವವರನ್ನು ವಿಮಾನ ಏರಿಸುವುದನ್ನು ಸ್ಟ್ರಾಸ್‌ಬರ್ಗಿನ ನ್ಯಾಯಾಲಯ ತಡೆಯಬಲ್ಲದೇ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಬಲ್ಲದು, ಅಪರೂಪಕ್ಕೆ. ಮಾನವ ಹಕ್ಕುಗಳ ಆ ನ್ಯಾಯಾಲಯ ತನ್ನ 39ನೇ ನಿಯಮದಡಿ ಮಧ್ಯಂತರ ಸೂಚನೆ ಕೊಡುತ್ತದೆ. 2022ರ ಜೂನ್ 14ರ ರಾತ್ರಿ ಆಶ್ರಯ ಕೇಳಿದವರನ್ನು ಬ್ರಿಟನ್ನಿನಿಂದ ರುವಾಂಡಾಕ್ಕೆ ಒಯ್ಯಬೇಕಿದ್ದ ವಿಮಾನ ನಿಂತದ್ದು ಹೀಗೆ. ಸರಿಪಡಿಸಲಾಗದ ಹಾನಿ ಕಣ್ಣೆದುರಿಗೇ ಇದೆ ಎಂದು ದಾಖಲೆ ಸಹಿತ ತೋರಿಸಬೇಕು. ಅದಕ್ಕೂ ಮುನ್ನ ಆ ದೇಶದ ಕೋರ್ಟುಗಳಲ್ಲಿ ತಡೆ ಕೇಳಿರಬೇಕು. ಮೂಲ ದೂರಿಗೆ ಅಂತಿಮ ದೇಶೀಯ ತೀರ್ಪಿನಿಂದ ನಾಲ್ಕು ತಿಂಗಳ ಅವಕಾಶ. ಮೊದಲು ಆರು ತಿಂಗಳಿತ್ತು, ಹಳೇ ಕೈಪಿಡಿಗಳನ್ನು ನಂಬಿ ಮೋಸಹೋಗಬೇಡಿ.