ಮೂರನೇ ಹೆಸರು

ನೀವು ಮೂರು ವಿಷಯ ಕೇಳಿದ್ದೀರಿ. ಜರ್ಮನಿಯಲ್ಲಿ ಮನೆ ಸಿಗುವುದು ಕಷ್ಟವಾ, ಭಾಷೆ ಎಷ್ಟು ಬೇಕು, ಮೊದಲ ಕೆಲಸದಲ್ಲೇ ಯೂನಿಯನ್ ಸೇರಿದರೆ ವೀಸಾಗೆ ತೊಂದರೆ ಆಗುತ್ತಾ ಅಂತ. ಮನೆಗೆ ತಾಳ್ಮೆ ಬೇಕು. ಭಾಷೆ ಇವತ್ತಿನಿಂದಲೇ ಶುರು ಮಾಡಿ. ಮೂರನೆಯದರ ಬಗ್ಗೆ ಜಾಸ್ತಿ ಹೇಳಬೇಕು.

ತೊಂದರೆ ಆಗುವುದಿಲ್ಲ. ಸಂಘ ಸೇರುವ ಹಕ್ಕು ಇಲ್ಲಿನ ಸಂವಿಧಾನದ 9ನೇ ವಿಧಿಯಲ್ಲಿದೆ. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಅದು ನಿಮ್ಮದೂ ಹೌದು. ಲೋಹ ಉದ್ಯಮದ ಕೆಲಸಗಾರರ ದೊಡ್ಡ ಯೂನಿಯನ್ ಐಜಿ ಮೆಟಾಲ್‌ನಲ್ಲಿ ತಿಂಗಳ ಚಂದಾ ಸಂಬಳದ 1%.

ನಾನು ಬಂದಾಗ ನನಗೆ 25. "ಯೂನಿಯನ್ ಗೀನಿಯನ್ ಅಂತ ಹೋಗಬೇಡ" ಎಂದು ಮನೆಯವರು ಹೇಳಿ ಕಳಿಸಿದ್ದರು. ನಿಮಗೂ ಹೇಳಿರುತ್ತಾರೆ, ಅಲ್ವಾ?

ನಮ್ಮದು ನಲವತ್ತು ಜನರ ಕಂಪನಿ. ಬೆಟ್ರೀಬ್ಸ್‌ರಾಟ್ ಇರಲಿಲ್ಲ. ಅಂದರೆ ಕೆಲಸಗಾರರೇ ಮತ ಹಾಕಿ ಆರಿಸುವ ಮಂಡಳಿ. ಕಾನೂನಿನ ಪ್ರಕಾರ 5 ಜನರಿದ್ದರೂ ಅದನ್ನು ಮಾಡಿಕೊಳ್ಳಬಹುದು. ಆದರೆ ಮೊದಲ ಸಭೆ ಕರೆಯಲು ಮೂವರು ಕೆಲಸಗಾರರ ಹೆಸರು ಬೇಕು. ಇಬ್ಬರು ಸಿದ್ಧರಿದ್ದರು. ಒಬ್ಬನಂತೂ ಆಗತಾನೇ ತರಬೇತಿ ಮುಗಿಸಿದ ಹುಡುಗ. ಮೂರನೇ ಹೆಸರಿಗೆ ನನ್ನ ಹತ್ತಿರ ಬಂದರು. ವೀಸಾ ನೆಪ ಹೇಳಿ ತಪ್ಪಿಸಿಕೊಂಡೆ. ಸಭೆ ಕರೆಯುವ ಆ ಮೂವರನ್ನು ಸುಲಭವಾಗಿ ಕೆಲಸದಿಂದ ತೆಗೆಯದಂತೆ ಕಾನೂನಿತ್ತು. ನಾನು ಕೇಳಿ ತಿಳಿದುಕೊಳ್ಳಲೂ ಇಲ್ಲ.

ಸಭೆ ಆಗಲೇ ಇಲ್ಲ. ಮರುವರ್ಷ ಆ ಹುಡುಗನನ್ನು ತೆಗೆದರು. ಮಂಡಳಿ ಇದ್ದಿದ್ದರೆ, ಅದರ ಅಭಿಪ್ರಾಯ ಕೇಳದೆ ತೆಗೆದದ್ದು ಊರ್ಜಿತ ಆಗುತ್ತಿರಲಿಲ್ಲ. ಹೋಗುವಾಗ ಅವನು ಎಂದಿನಂತೆ ನನ್ನ ಕೈ ಕುಲುಕಿದ. ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಆಮೇಲೆ ನಾನು ಯೂನಿಯನ್ ಸೇರಿದೆ. ಈಗಿನ ಕೆಲಸದಲ್ಲಿ ಮಂಡಳಿಗೆ ಎರಡು ಸಲ ಆರಿಸಿ ಬಂದಿದ್ದೇನೆ. ಹೆಮ್ಮೆ ಇದೆ. ಆ ಹುಡುಗನಿಗೆ ಅದರಿಂದ ಏನೂ ಪ್ರಯೋಜನ ಆಗಲಿಲ್ಲ.

ನೀವು ಬಂದ ತಿಂಗಳೇ ಸದಸ್ಯರಾಗಿ. ಐಜಿ ಮೆಟಾಲ್‌ನ ವಕೀಲರ ನೆರವು ಸಿಗುವುದು 3 ತಿಂಗಳ ನಂತರ. ಕಂಪನಿಗೆ ಹೇಳಬೇಕಾಗಿಲ್ಲ. ಮೊದಲ 6 ತಿಂಗಳು ಮಾತ್ರ ಹುಷಾರಾಗಿರಿ. ಕೆಲಸದಿಂದ ತೆಗೆಯುವುದರ ವಿರುದ್ಧದ ರಕ್ಷಣೆ ಶುರುವಾಗುವುದೇ ಆಮೇಲೆ.

ಇನ್ನೊಂದು ಮಾತು. ಕೆಲಸದಿಂದ ತೆಗೆದ ಪತ್ರ ಕೈಗೆ ಬಂದರೆ ಕೋರ್ಟಿಗೆ ಹೋಗಲು 3 ವಾರ ಮಾತ್ರ ಸಮಯ. ನಾಚಿಕೆಪಟ್ಟು ಸುಮ್ನೆ ಕೂತರೆ ಅದೂ ಹೋಗುತ್ತದೆ. ಅಂಥ ದಿನ ಬಂದರೆ ಮೊದಲು ನನಗೆ ಫೋನ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತೇನೆ.