ಶಿರಸಿಯಲ್ಲಿದ್ದುಕೊಂಡೇ ಹಾಫ್ ಐರನ್‌ಮ್ಯಾನ್‌ಗೆ ತಯಾರಾಗಬಹುದಾ?

ಆಗಬಹುದು. ಆದರೆ ಪೂರ್ತಿ ಶಿರಸಿಯಲ್ಲೇ ಕೂತು ಆಗುವುದಿಲ್ಲ, ಆಗಾಗ ಘಟ್ಟ ಇಳಿಯಬೇಕು. ಅದೂ ನೀವು ಅಂದುಕೊಂಡ ಕಾರಣಕ್ಕಲ್ಲ.

ನೀವು ಬರೆದದ್ದು ಇಷ್ಟು: ವಯಸ್ಸು 36, ಬ್ಯಾಂಕ್ ನೌಕರಿ, ಹಾಫ್ ಮ್ಯಾರಥಾನ್ ಓಡಿದ್ದೀರಿ, ಭಾನುವಾರ ಗೆಳೆಯರ ಜೊತೆ ಸೈಕಲ್ ಹೊಡೆಯುತ್ತೀರಿ, ಈಜು ಊರ ಕೆರೆಯಲ್ಲಿ ಕಲಿತದ್ದು. ಗೋವಾದ 70.3 (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ಹಾಫ್ ಐರನ್‌ಮ್ಯಾನ್ ಸ್ಪರ್ಧೆ) ಮುಗಿಸುವ ಆಸೆ, ಆದರೆ ಈಜು ಇರುವುದು ಸಮುದ್ರದಲ್ಲಿ, ಸಮುದ್ರ ಅಂದರೆ ಹೆದರಿಕೆ. ಯಾವ ಸೈಕಲ್ ತಗೊಳ್ಳಲಿ ಅಂತಲೂ ಕೇಳಿದ್ದೀರಿ. ನನ್ನ ಊರು ಯಲ್ಲಾಪುರದ ಕಡೆ, ನೌಕರಿ ಕಾರವಾರದಲ್ಲಿ. ನಾನೂ ಆಫೀಸು ಮುಗಿಸಿ ಓಡುವ ಪೈಕಿಯವನೇ. ಪದಕ ಗೆಲ್ಲುವುದು ನನಗೆ ಗೊತ್ತಿಲ್ಲ, ಗಡುವಿನೊಳಗೆ ಮುಗಿಸುವುದು ಗೊತ್ತು.

ಮೊದಲು ಲೆಕ್ಕ ನೋಡಿ. 70.3 ಅನ್ನುವುದು ಮೈಲಿ. ನಮ್ಮ ಲೆಕ್ಕಕ್ಕೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಒಟ್ಟು 113 ಕಿ.ಮೀ. ಇಡೀ ಸ್ಪರ್ಧೆಗೆ 8 ಗಂಟೆ 30 ನಿಮಿಷ ಕೊಡುತ್ತಾರೆ, ಅದರಲ್ಲಿ ಈಜು 1 ಗಂಟೆ 10 ನಿಮಿಷದಲ್ಲಿ ಮುಗಿಯಬೇಕು. ಅಂದರೆ 100 ಮೀಟರಿಗೆ 3 ನಿಮಿಷ 40 ಸೆಕೆಂಡ್ ಹಿಡಿದರೂ ಸಾಕು. ಈಜಿಗೆ 55 ನಿಮಿಷ, ಗಂಟೆಗೆ 25 ಕಿ.ಮೀ. ಲೆಕ್ಕದಲ್ಲಿ ಸೈಕಲ್ಲಿಗೆ 3 ಗಂಟೆ 36 ನಿಮಿಷ, ಕಿಲೋಮೀಟರಿಗೆ 8 ನಿಮಿಷದಂತೆ ಓಟಕ್ಕೆ 2 ಗಂಟೆ 49 ನಿಮಿಷ ಹಾಕಿ. ನಡುವೆ ಬೂಟು, ಹೆಲ್ಮೆಟ್ ಹಾಕಿಕೊಳ್ಳುವುದಕ್ಕೆ ಕಾಲು ಗಂಟೆ ಸೇರಿಸಿ. ಒಟ್ಟು 7 ಗಂಟೆ 35 ನಿಮಿಷ. ಇದರಲ್ಲಿ ಒಂದು ವೇಗವೂ ನಿಮಗೆ ಹೊಸದಲ್ಲ, ಅಲ್ವಾ? 2024ರಲ್ಲಿ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಮುಗಿಸಿದ್ದು 8 ಗಂಟೆ 27 ನಿಮಿಷಕ್ಕೆ. ಗಡುವಿಗೆ ಮೂರು ನಿಮಿಷ ಬಾಕಿ ಇರುವಾಗ ಮುಗಿಸಿದವರಿಗೂ ಕೊಡುವುದು ಅದೇ ಮೆಡಲ್.

ಇನ್ನು ಸಮುದ್ರ. ಕೆರೆಯಲ್ಲಿ ಕಲಿತವರಿಗೆ ಒಂದು ಅನುಕೂಲ ಇದೆ: ತಳ ಕಾಣದ ನೀರು ನಿಮಗೆ ಹೊಸದಲ್ಲ. ಸ್ವಿಮ್ಮಿಂಗ್ ಪೂಲ್‌ನಲ್ಲಿ ಕೆಳಗಿನ ಕಪ್ಪು ಪಟ್ಟಿ ನೋಡಿಕೊಂಡು ಕಲಿತವರು ಇಲ್ಲಿಗೆ ಬಂದರೆ ಮೊದಲ ಐದು ನಿಮಿಷ ತಡಬಡಾಯಿಸುತ್ತಾರೆ. ಉಪ್ಪುನೀರು ಮೈಯನ್ನು ಸ್ವಲ್ಪ ಮೇಲೆ ಎತ್ತಿ ಹಿಡಿಯುತ್ತದೆ, ಅದೂ ಲಾಭವೇ. ನೀವು ಹೊಸದಾಗಿ ಕಲಿಯಬೇಕಾದದ್ದು ತಲೆ ಎತ್ತಿ ದಿಕ್ಕು ನೋಡುವುದನ್ನು. ಕಾರವಾರದ ಟಾಗೋರ್ ಬೀಚಿನಿಂದ ಈಜುವಾಗ ನಾನು ಎದುರಿನ ಕೂರ್ಮಗಡ ದ್ವೀಪದ ಗುಡ್ಡವನ್ನು ಗುರುತಿಗೆ ಇಟ್ಟುಕೊಳ್ಳುತ್ತೇನೆ. ಆರೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಮೊಸಳೆಯ ಹಾಗೆ ಕಣ್ಣು ಮಾತ್ರ ನೀರಿನ ಮೇಲೆ ತಂದು ಗುಡ್ಡ ನೋಡುವುದು, ತಕ್ಷಣ ಪಕ್ಕಕ್ಕೆ ಹೊರಳಿ ಉಸಿರು ತಗೊಳ್ಳುವುದು. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಕಾಲು ಸುಮ್ನೆ ಒದ್ದಾಡುತ್ತದೆ. ದಿಕ್ಕು ನೋಡದೆ ಹೋದರೆ 1.9 ಇದ್ದದ್ದು ಎರಡೂಕಾಲು ಆಗಿಬಿಡುತ್ತದೆ.

ಜಾಗದ ಬಗ್ಗೆ ಎರಡು ಮಾತು. ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದ ಕಡೆ ಇಳಿಯಲೇಬೇಡಿ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಸಮುದ್ರದ ನೀರೂ ಒಟ್ಟಿಗೆ ಹೊರಕ್ಕೆ ಎಳೆಯುತ್ತವೆ, ಎಷ್ಟು ಚೆನ್ನಾಗಿ ಈಜುವವರನ್ನೂ ಬಿಡುವುದಿಲ್ಲ. ಭರತಿ ಯಾವಾಗ, ಇಳಿತ ಯಾವಾಗ ಅಂತ ದಡದ ಮೀನುಗಾರರನ್ನು ಕೇಳಿ, ಮೊಬೈಲ್ ನೋಡದೆಯೇ ಹೇಳುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ, ಸೊಂಟಕ್ಕೆ ಕೇಸರಿ ಬಣ್ಣದ ಗಾಳಿಚೀಲ ಕಟ್ಟಿಕೊಳ್ಳಿ. ದೋಣಿಯವರಿಗೆ ನಿಮ್ಮ ತಲೆ ಕಾಣುವುದಿಲ್ಲ, ಆ ಚೀಲ ಕಾಣುತ್ತದೆ. ಒಬ್ಬರೇ ಇಳಿಯಬೇಡಿ.

ಈಗ ಕ್ಯಾಲೆಂಡರ್ ತೆಗೆಯಿರಿ. ಗೋವಾದ ಸ್ಪರ್ಧೆ ಅಕ್ಟೋಬರ್-ನವೆಂಬರ್ ಹೊತ್ತಿಗೆ ಬರುತ್ತದೆ. ನಮ್ಮ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈಜುವವರಿಗೆ ಬಾಗಿಲು ಹಾಕಿರುತ್ತದೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿಗಳು ಹೊರಟರೂ ಅಲೆ ನಮ್ಮಂಥವರಿಗೆ ತಣಿದಿರುವುದಿಲ್ಲ. ಅಂದರೆ ಸಮುದ್ರದ ಭಯ ಬಿಡಿಸಿಕೊಳ್ಳುವುದೆಲ್ಲ ಫೆಬ್ರವರಿಯಿಂದ ಮೇ ಒಳಗೇ ಆಗಬೇಕು. ಮಳೆಗಾಲದಲ್ಲಿ ಪೂಲ್‌ನಲ್ಲೇ ದೂರ ಹೆಚ್ಚಿಸಿ. ಸ್ಪರ್ಧೆಯ ಮುಂಚಿನ ಎರಡು-ಮೂರು ವಾರಗಳಲ್ಲಿ ಅಲೆ ಇಳಿದಿದ್ದರೆ ಒಂದೆರಡು ಸಲ ಉಪ್ಪುನೀರು ಮುಟ್ಟಿ ಬನ್ನಿ. ಸಮುದ್ರ ಆಮೇಲೆ ನೋಡಿಕೊಳ್ಳೋಣ ಅಂತ ಬಿಟ್ಟವರಿಗೆ ಆ ಆಮೇಲೆ ಸಿಗುವುದೇ ಇಲ್ಲ.

ಇಷ್ಟೆಲ್ಲ ಹೇಳಿದೆ, ಆದರೂ ಶಿರಸಿಯವರನ್ನು ಕೆಡವುವುದು ಸಮುದ್ರ ಅಲ್ಲ. ಸೆಖೆ. ನಿಮ್ಮ ಊರು 600 ಮೀಟರ್ ಎತ್ತರದ ಆಸುಪಾಸಿನಲ್ಲಿದೆ. ಬೆಳಿಗ್ಗೆ ಆರಕ್ಕೆ ಮಂಜಿನಲ್ಲಿ 20 ಕಿ.ಮೀ. ಓಡಿ, ಮನೆಗೆ ಬಂದು ದೋಸೆ ತಿನ್ನುತ್ತೀರಿ. ಗೋವಾದಲ್ಲಿ ನೀವು ಓಟ ಶುರು ಮಾಡುವ ಹೊತ್ತಿಗೆ ಗಂಟೆ ಹನ್ನೊಂದು ದಾಟಿರುತ್ತದೆ, ಮಳೆ ನಿಂತ ಮೇಲಿನ ಬಿಸಿಲು ನೆತ್ತಿಯ ಮೇಲಿರುತ್ತದೆ. ಬೆವರು ಸುರಿದರೆ ಮೈ ತಣಿಯುವುದಿಲ್ಲ, ಬೆವರು ಆರಿದರೆ ತಣಿಯುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಬೆವರು ಆರುವುದೇ ಇಲ್ಲ. ಬೂಟಿನೊಳಗೆ ಪಚಪಚ ಅನ್ನುತ್ತದೆ, ಎದೆಬಡಿತ ಮಾತ್ರ ಏರುತ್ತಾ ಹೋಗುತ್ತದೆ. ಶಿರಸಿಯಲ್ಲಿ ಆರಾಮಾಗಿ ಓಡುವ ವೇಗಕ್ಕೇ ಇಲ್ಲಿ ಏದುಸಿರು ಬರುತ್ತದೆ.

ಮೈ ಇದಕ್ಕೆ ಒಗ್ಗುತ್ತದೆ, ಆದರೆ ಹತ್ತರಿಂದ ಹದಿನಾಲ್ಕು ದಿನ ಬಿಸಿಲಲ್ಲಿ ದುಡಿಸಬೇಕು. ಬಿಟ್ಟರೆ ಕೆಲವೇ ವಾರಗಳಲ್ಲಿ ಮರೆತುಬಿಡುತ್ತದೆ. ಬ್ಯಾಂಕಿನವರಿಗೆ ಅಷ್ಟು ರಜೆ ಯಾರು ಕೊಡುತ್ತಾರೆ? ಹಾಗಾಗಿ ಕೊನೆಯ ಎರಡು-ಮೂರು ವಾರ ಶಿರಸಿಯಲ್ಲೇ ಸಣ್ಣ ಓಟಗಳನ್ನು ಮಧ್ಯಾಹ್ನಕ್ಕೆ ತನ್ನಿ, ತುಂಬುತೋಳಿನ ಅಂಗಿ ಹಾಕಿ ಓಡಿ. ತಲೆ ತಿರುಗಿದರೆ, ಚಳಿ ಬಂದಂತಾದರೆ ಅಲ್ಲೇ ನಿಲ್ಲಿಸಿ. ಉದ್ದದ ಸವಾರಿಗೆ ಮಾತ್ರ ಘಟ್ಟ ಇಳಿಯಿರಿ. ಕುಮಟಾ ಸುಮಾರು 60 ಕಿ.ಮೀ. ಸೈಕಲ್ಲನ್ನು ಕಾರಿನಲ್ಲಿ ಹಾಕಿಕೊಂಡು ಬಂದು ಕುಮಟಾ-ಹೊನ್ನಾವರ ಕಡೆ ಹೊಡೆಯಿರಿ, ಇಳಿದ ಕೂಡಲೇ ಅರ್ಧ ಗಂಟೆ ಓಡಿ. ಮೊದಲ ಎರಡು ಕಿಲೋಮೀಟರ್ ಕಾಲು ನಿಮ್ಮದಲ್ಲ ಅನ್ನಿಸುತ್ತದೆ. ಅದು ಹಾಗೇ ಇರುವುದು, ಗಾಬರಿ ಬೇಡ. ಯಲ್ಲಾಪುರ-ಅಂಕೋಲಾ ದಾರಿಯ ಅರಬೈಲ್ ಘಟ್ಟಕ್ಕೆ ಮಾತ್ರ ಸೈಕಲ್ ಒಯ್ಯಬೇಡಿ, ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಹೋಗಬೇಕಾಗುತ್ತದೆ.

ಸೆಖೆಗೆ ಜೊತೆಯಾಗಿ ಬರುವುದು ಹೊಟ್ಟೆಯ ಪ್ರಶ್ನೆ. ಇಷ್ಟು ಹೊತ್ತಿನ ಸ್ಪರ್ಧೆಗೆ ಗಂಟೆಗೆ 60 ಗ್ರಾಂ ಹತ್ತಿರ ಸಕ್ಕರೆ-ಪಿಷ್ಟ ಒಳಗೆ ಹೋಗಬೇಕು. ತಿನ್ನುವುದಕ್ಕೆ ಹದವಾದ ಜಾಗ ಸೈಕಲ್, ಓಡುತ್ತಾ ತಿಂದದ್ದು ಗಂಟಲಲ್ಲೇ ನಿಲ್ಲುತ್ತದೆ. ಅಂಗಡಿಯ ಜೆಲ್ ಕೆಲವರಿಗೆ ಸರಿಹೋಗುತ್ತದೆ, ನನಗೆ ಅದರ ವಾಸನೆಗೇ ಹೊಟ್ಟೆ ತೊಳೆಸುತ್ತದೆ. ನಾನು ಜೋನಿಬೆಲ್ಲ, ಅಂದರೆ ನೀರಾಗಿರುವ ಬೆಲ್ಲ, ಒಯ್ಯುತ್ತೇನೆ. ಸ್ವಲ್ಪ ಬಿಸಿನೀರಲ್ಲಿ ತೆಳ್ಳಗೆ ಮಾಡಿ, ನಿಂಬೆಹುಳಿ ಹಿಂಡಿ, ಚಿಟಿಕೆ ಉಪ್ಪು ಹಾಕಿ ಸಣ್ಣ ಬಾಟಲಿಗೆ ತುಂಬುವುದು. ಒಂದು ಗುಟುಕು ಬೆಲ್ಲ, ಮೇಲೆ ಎರಡು ಗುಟುಕು ನೀರು. ಇನ್ನೊಂದು ಬಾಟಲಿಯಲ್ಲಿ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ಒಗ್ಗರಣೆ ಇಲ್ಲದೆ, ಸೋಸಿ. ಆಯಿಗೆ ಇದನ್ನು ನೋಡಿ ನಗು. "ಇದ್ನ ಸೈಕಲ್ ಮೇಲೆ ಕೂತ್ಕಂಡು ಕುಡಿತ್ಯಾ?" ಅಂತಾಳೆ. ಕುಡಿಯುತ್ತೇನೆ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು, ಅಪ್ಪೆಹುಳಿಯಲ್ಲಿ ಇರುವುದೂ ಅದೇ. ಬೇಡ ಅನ್ನಿಸಿದರೆ ಓಆರ್‌ಎಸ್ ಪುಡಿ ಸಾಕು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ರಕ್ತದ ಸೋಡಿಯಂ ಇಳಿದು ಆಸ್ಪತ್ರೆ ಸೇರಿದವರಿದ್ದಾರೆ.

ಎಷ್ಟು ಕುಡಿಯಬೇಕು ಅನ್ನುವುದನ್ನು ತೂಕದ ಯಂತ್ರ ಹೇಳುತ್ತದೆ. ಕುಮಟಾದಲ್ಲಿ ಒಂದು ಗಂಟೆ ಸೈಕಲ್ ಹೊಡೆಯುವ ಮುಂಚೆ ಮತ್ತು ಆಮೇಲೆ ಬಟ್ಟೆ ಬಿಚ್ಚಿ ತೂಗಿ. ನಡುವೆ ಏನೂ ಕುಡಿಯದೆ ಒಂದು ಕಿಲೋ ಇಳಿದಿದ್ದರೆ ಗಂಟೆಗೆ ಒಂದು ಲೀಟರ್ ಬೆವರು ಅಂತ ಲೆಕ್ಕ. ಅಷ್ಟನ್ನೂ ತುಂಬಿಸಬೇಕಿಲ್ಲ, ಮುಕ್ಕಾಲು ಪಾಲು ಸಾಕಾಗುತ್ತದೆ. ಶಿರಸಿಯಲ್ಲಿ ತೂಗಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎರಡೂ ಕಡೆ ತೂಗಿ ನೋಡಿ, ನಿಮಗೇ ಆಶ್ಚರ್ಯ ಆಗುತ್ತದೆ.

ವಾರಕ್ಕೆ ಎಂಟರಿಂದ ಹತ್ತು ಗಂಟೆ, ಐದಾರು ತಿಂಗಳು. ಇಷ್ಟು ಸಾಕು. ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಒಮ್ಮೆ ಹೃದಯದ ತಪಾಸಣೆ ಮಾಡಿಸಿ. ಸಾಧ್ಯವಾದರೆ ನಡುವೆ ಒಂದು ಒಲಿಂಪಿಕ್ ದೂರದ ಸ್ಪರ್ಧೆ, ಅಂದರೆ 1.5-40-10, ಮಾಡಿಬಿಡಿ.

ಸೈಕಲ್ ವಿಷಯ. ಲಕ್ಷಗಟ್ಟಲೆಯ ಟ್ರೈಯಥ್ಲಾನ್ ಸೈಕಲ್ ಬೇಡವೇ ಬೇಡ. ನಿಮ್ಮ ಅಳತೆಗೆ ಕೂರುವ ಸಾದಾ ರೋಡ್ ಬೈಕ್ ಸಾಕು. ದುಡ್ಡು ಉಳಿದರೆ ಒಳ್ಳೆಯ ಟೈರಿಗೆ ಹಾಕಿ. ಭಾನುವಾರದ ಗುಂಪು ಸವಾರಿಯಲ್ಲಿ ಮುಂದಿನವನ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗುವುದು ಅಭ್ಯಾಸ ಆಗಿರುತ್ತದೆ. ಇಲ್ಲಿ ಅದು ನಡೆಯುವುದಿಲ್ಲ, ಮುಂದಿನ ಸೈಕಲ್ಲಿಗೆ 12 ಮೀಟರ್ ಅಂತರ ಬಿಡಬೇಕು, ಇಲ್ಲದಿದ್ದರೆ ದಂಡಕ್ಕೆ ನಿಲ್ಲಿಸುತ್ತಾರೆ. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ಒಬ್ಬರೇ 70-80 ಕಿ.ಮೀ. ಹೊಡೆಯಿರಿ. ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಕೊಳ್ಳಿ, ಅದೂ ನಿಯಮ. ಪಂಕ್ಚರ್ ಆದರೆ ದಾರಿಹೋಕರ ಸಹಾಯ ತಗೊಳ್ಳುವಂತಿಲ್ಲ. ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪ್ ಜೊತೆಗೇ ಇರಲಿ. ಹಿಂದಿನ ಚಕ್ರವನ್ನು ಚೈನ್ ಸಮೇತ ಬಿಚ್ಚಿ ಹಾಕುವುದನ್ನು ಕೈಗೆ ಎಣ್ಣೆ ಹತ್ತಿಸಿಕೊಂಡು ಅಭ್ಯಾಸ ಮಾಡಿ. ಅಂದು ನಿಮ್ಮ ಕೈಯಲ್ಲಿ ಸನ್‌ಸ್ಕ್ರೀನು, ಬೆಲ್ಲ, ಬೆವರು ಮೂರೂ ಇರುತ್ತದೆ.